ದಾಳದ ಮೇಜಿನ ಪಣಸೂತ್ರಗಳು: ಲೆಕ್ಕ ಎಲ್ಲಿ ತಪ್ಪುತ್ತದೆ

ಕ್ಯಾಸಿನೊ ಆಟಗಳ ಲೆಕ್ಕ ನೋಡುವ ಕೆಲಸದಲ್ಲಿ ಪಣದ ಸೂತ್ರಗಳು ನಾನಾ ವೇಷದಲ್ಲಿ ಕೈಗೆ ಬರುತ್ತವೆ. ಕೆಲವು ನಾಲ್ಕೇ ಸಾಲಿನವು, ಕೆಲವಕ್ಕೆ ಹತ್ತು ಹಾಳೆಯ ಕೋಷ್ಟಕ. ವೇಷ ಯಾವುದೇ ಇರಲಿ, ಮೊದಲು ನೋಡುವುದು ಒಂದೇ ಅಂಕಿ: ಈ ಸೂತ್ರದ ಪ್ರಕಾರ ಆಡಿದರೆ ಒಟ್ಟು ಎಷ್ಟು ಚಿಪ್ ಪಣಕ್ಕೆ ಬೀಳುತ್ತದೆ? ಆ ಮೊತ್ತವನ್ನು ಆಯಾ ಪಣದಲ್ಲಿ ಮನೆಗೆ (ಅಂದರೆ ಕ್ಯಾಸಿನೊಗೆ) ಸರಾಸರಿ ಉಳಿಯುವ ಪಾಲಾದ ಹೌಸ್ ಎಡ್ಜ್‌ನಿಂದ ಗುಣಿಸಿದರೆ ಸರಾಸರಿ ಲುಕ್ಸಾನು ಸಿಕ್ಕಿತು. ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು, ಯಾವ ಗರ ಬಿದ್ದ ಮೇಲೆ ಕಾಯಬೇಕು ಎಂಬ ನಿಯಮಗಳಿಗೆ ಆ ಗುಣಾಕಾರದಲ್ಲಿ ಜಾಗವೇ ಇಲ್ಲ. ಒಟ್ಟು ಪಣವನ್ನು ಹೆಚ್ಚಿಸಿದರೋ ಇಳಿಸಿದರೋ ಎಂಬಷ್ಟಕ್ಕೆ ಮಾತ್ರ ಅವು ಲೆಕ್ಕಕ್ಕೆ ಬರುತ್ತವೆ.

ಎಡ್ಜ್ ಎಲ್ಲಿಂದ ಬರುತ್ತದೆ ಎಂಬುದನ್ನು ಎರಡು ದಾಳದ ಆಟವಾದ ಕ್ರ್ಯಾಪ್ಸ್‌ನ ಮೂಲ ಪಣ ಪಾಸ್ ಲೈನ್‌ನಲ್ಲೇ ನೋಡಬಹುದು. ಎರಡು ದಾಳಕ್ಕೆ 36 ಜೋಡಿ. ಮೊದಲ ಎಸೆತ, ಅಂದರೆ ಕಮ್ ಔಟ್‌ನಲ್ಲಿ, 7 ಅಥವಾ 11 ಬಿದ್ದರೆ ಗೆಲುವು. 2, 3, 12 ಬಿದ್ದರೆ ಸೋಲು. ಉಳಿದ ಯಾವುದೇ ಸಂಖ್ಯೆ ಬಿದ್ದರೆ ಅದೇ ಪಾಯಿಂಟ್. 7 ಬೀಳುವ ಮೊದಲು ಪಾಯಿಂಟ್ ಮತ್ತೆ ಬಿದ್ದರೆ ಗೆಲುವು. ಭಿನ್ನರಾಶಿಯ ಗೋಜು ಬೇಡವೆಂದರೆ 1980 ಸುತ್ತು ತೆಗೆದುಕೊಳ್ಳಿ, ಎಲ್ಲವೂ ಪೂರ್ಣಾಂಕದಲ್ಲಿ ಕೂರುತ್ತದೆ. ಮೊದಲ ಎಸೆತದಲ್ಲೇ 440 ಗೆಲುವು, 220 ಸೋಲು. ಪಾಯಿಂಟ್ 4 ಅಥವಾ 10 ಆಗುವುದು 330 ಸುತ್ತಿನಲ್ಲಿ, ಅದರಲ್ಲಿ ಮೂರನೆಯ ಒಂದು ಪಾಲು ಗೆಲುವು: 110. 5 ಅಥವಾ 9 ಆಗುವುದು 440ರಲ್ಲಿ, ಐದಕ್ಕೆ ಎರಡು ಗೆಲುವು: 176. 6 ಅಥವಾ 8 ಆಗುವುದು 550ರಲ್ಲಿ, ಹನ್ನೊಂದಕ್ಕೆ ಐದು ಗೆಲುವು: 250. ಒಟ್ಟು ಗೆಲುವು 976, ಸೋಲು 1004. ಅಂತರ ಬರೀ 28. ಆ 28ನ್ನು 1980ರಿಂದ ಭಾಗಿಸಿದರೆ 1.414 ಶೇಕಡಾ. ಮೇಜಿನ ದೀಪ, ಸಿಬ್ಬಂದಿ, ಬಾಡಿಗೆ ಎಲ್ಲವನ್ನೂ ಸಾಕುವುದು ಇಂಥ ಸಣ್ಣ ಅಂತರಗಳೇ.

ಹಾಗಾದರೆ ಎದುರು ಬದಿಗೆ ಕಟ್ಟಿದರೆ ಆಯಿತಲ್ಲ? ಡೋಂಟ್ ಪಾಸ್ ಇರುವುದೇ ಅದಕ್ಕೆ. ಆದರೆ ಅಲ್ಲಿ ಕಮ್ ಔಟ್‌ನಲ್ಲಿ 12 ಬಿದ್ದರೆ ಗೆಲುವಿಲ್ಲ, ಪಣ ವಾಪಸ್ ಅಷ್ಟೇ. 1980 ಸುತ್ತಿನಲ್ಲಿ 12 ಬೀಳುವುದು 55 ಸಲ. ಹಾಗಾಗಿ 1004ರಲ್ಲಿ 55 ಹೋಗಿ 949 ಗೆಲುವು, ಸೋಲು 976. ಅಂತರ 27. ಒಂದೇ ಒಂದು ಸಂಖ್ಯೆಯನ್ನು ಅಡ್ಡ ಇಟ್ಟು ಎರಡೂ ಬದಿಯನ್ನು ಮನೆಯ ಕಡೆಗೇ ವಾಲಿಸಿದ್ದಾರೆ. ಆಟ ಕಟ್ಟಿದವರ ಚಾತುರ್ಯ ಕಾಣುವುದು ಇಂಥ ಜಾಗದಲ್ಲಿ.

ಇನ್ನು ಮಾರ್ಟಿಂಗೇಲ್. ಸೋತರೆ ದುಪ್ಪಟ್ಟು, ಗೆದ್ದರೆ ಮತ್ತೆ ಮೊದಲಿನ ಪಣ. ಮೇಜಿನ ಕನಿಷ್ಠ ಪಣ 10 ಚಿಪ್, ಗರಿಷ್ಠ 1000 ಎಂದುಕೊಳ್ಳೋಣ. 10, 20, 40, 80, 160, 320, 640. ಮುಂದಿನದು 1280, ಅದಕ್ಕೆ ಮೇಜು ಒಪ್ಪುವುದಿಲ್ಲ. ಅಂದರೆ ಏಳು ಮೆಟ್ಟಿಲು, ಒಟ್ಟು ಇಡುಗಂಟು 1270. ಯಾವ ಮೆಟ್ಟಿಲಲ್ಲಿ ಗೆದ್ದರೂ ಸಿಗುವುದು 10 ಚಿಪ್ ಮಾತ್ರ. ಪಾಸ್ ಲೈನ್‌ನಲ್ಲಿ ಒಂದು ಸೋಲಿನ ಸಂಭವ 0.50707. ಏಳೂ ಒಟ್ಟಿಗೆ ಸೋಲುವ ಸಂಭವ ಇದರ ಏಳನೆಯ ಘಾತ, 0.00862, ಅಂದರೆ 116 ಸರಣಿಗೆ ಒಂದು. 115 ಸರಣಿಯಲ್ಲಿ ಹತ್ತು ಹತ್ತರಂತೆ 1150 ಬರುತ್ತದೆ, ಒಂದರಲ್ಲಿ 1270 ಹೋಗುತ್ತದೆ. 120 ಚಿಪ್ ನಷ್ಟ.

ಈಗ ಮೊದಲು ಹೇಳಿದ ಗುಣಾಕಾರವನ್ನು ಇದಕ್ಕೇ ಹಚ್ಚಿ. ಒಂದು ಸರಣಿಯಲ್ಲಿ ಸರಾಸರಿ ಪಣಕ್ಕೆ ಬೀಳುವ ಮೊತ್ತ ಎಷ್ಟು? ಮೊದಲ 10 ಖಚಿತ, 20 ಬೀಳುವುದು 0.507 ಸಂಭವದಲ್ಲಿ, 40 ಬೀಳುವುದು 0.257ರಲ್ಲಿ, ಹೀಗೆ ಏಳನ್ನೂ ಕೂಡಿಸಿದರೆ 73.04 ಚಿಪ್. ಅದರ 1.414 ಶೇಕಡಾ 1.03. ಮೇಲಿನ 120ನ್ನು 116ರಿಂದ ಭಾಗಿಸಿ ನೋಡಿ, ಅದೂ 1.03. ಎರಡು ಬೇರೆ ಬೇರೆ ದಾರಿಯಲ್ಲಿ ಬಂದರೂ ಉತ್ತರ ಒಂದೇ. 10 ಚಿಪ್ ಆಟಗಾರನೆಂದು ತನ್ನನ್ನು ತಾನು ಭಾವಿಸಿಕೊಂಡವನು ನಿಜಕ್ಕೂ ಪ್ರತಿ ಸರಣಿಗೆ 73 ಚಿಪ್ ಆಡುತ್ತಿದ್ದಾನೆ. ಎಡ್ಜ್ ಎಂಬ ತೆರಿಗೆಯೂ ಅದರ ಮೇಲೇ.

ಇಟ್ಟುಕೊಂಡ 1270ನ್ನು ದುಪ್ಪಟ್ಟು ಮಾಡಬೇಕೆಂದರೆ 127 ಸರಣಿ ಮುರಿಯದೆ ಗೆಲ್ಲಬೇಕು. ಆ ಸಂಭವ 33 ಶೇಕಡಾ. ಸುಮಾರು 255 ಪಣ, ಸುಮಾರು 860 ಎಸೆತ. ತಾಸಿಗೆ 100 ಎಸೆತದ ಮೇಜಿನಲ್ಲಿ ಎಂಟೂವರೆ ತಾಸು. ಅದೇ 1270ನ್ನು ಒಂದೇ ಸಲ ಪಾಸ್ ಲೈನ್ ಮೇಲಿಟ್ಟರೆ (ಮೇಜಿನ ಮಿತಿ ಅಷ್ಟಿದ್ದರೆ) ದುಪ್ಪಟ್ಟಾಗುವ ಸಂಭವ 49.3 ಶೇಕಡಾ. ಸರಣಿ ನಡುವೆ ಮುರಿದರೂ ಅಲ್ಲಿಯವರೆಗೆ ಗೆದ್ದದ್ದು ಕೈಯಲ್ಲಿ ಉಳಿಯುತ್ತದೆ, ಆದ್ದರಿಂದ ಇದು ಪೂರ್ತಿ ಸಮನಾದ ಹೋಲಿಕೆಯಲ್ಲ. ಆದರೂ ಹೇಳಬೇಕಾದದ್ದು ಸ್ಪಷ್ಟ: ನಷ್ಟದ ಆಟದಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಎಡ್ಜ್ ಹೆಚ್ಚು ಸಲ ಕೈ ಹಾಕುತ್ತದೆ. ಸಣ್ಣ ಸಣ್ಣ ಪಣ ಕಟ್ಟುವುದು ಎಚ್ಚರಿಕೆ ಎಂದು ಹಲವರು ನಂಬಿದ್ದಾರೆ. ನಿಗದಿ ಗುರಿ ಮುಟ್ಟುವ ದೃಷ್ಟಿಯಿಂದ ಅದು ತಲೆಕೆಳಗು.

‘ಎಂದಾದರೂ ಒಮ್ಮೆ ಗೆದ್ದೇ ಗೆಲ್ಲುತ್ತೇನಲ್ಲ’ ಎಂಬ ವಾದಕ್ಕೆ ಉತ್ತರ ಬೇಕು. ಅದು ಸುಳ್ಳಲ್ಲ. ಕೊನೆಯಿಲ್ಲದ ಹಣ, ಕೊನೆಯಿಲ್ಲದ ಸಮಯ, ಮಿತಿಯಿಲ್ಲದ ಮೇಜು ಮೂರೂ ಇದ್ದರೆ ನಿಜ. ಗಣಿತದಲ್ಲಿ ಮಾರ್ಟಿಂಗೇಲ್ ಎಂಬ ಪದ ಜೂಜಿನಿಂದಲೇ ಬಂದದ್ದು. ಜ್ಯಾನ್ ವೀಲ್ 1939ರಲ್ಲಿ ಅದನ್ನು ಸಂಭವನೀಯತೆಯ ಶಾಸ್ತ್ರಕ್ಕೆ ತಂದರು, ಜೋಸೆಫ್ ಡೂಬ್ ಅದನ್ನು ಬೆಳೆಸಿದರು. ಅಲ್ಲಿನ ಮುಖ್ಯ ಪ್ರಮೇಯವೊಂದರ ತಿರುಳು ಇಷ್ಟು: ಹಣಕ್ಕೋ ಸಮಯಕ್ಕೋ ಮಿತಿ ಇರುವಾಗ, ಹಿಂದಿನ ಫಲಿತಾಂಶ ನೋಡಿ ಪಣ ಬದಲಿಸಿಯೋ ಎದ್ದು ಹೋಗುವ ಹೊತ್ತನ್ನು ಆರಿಸಿಯೋ ಸಮದ ಆಟವನ್ನು ಲಾಭದ ಆಟವಾಗಿಸಲು ಆಗದು. ಸಮದ ಆಟಕ್ಕೇ ಆಗದ್ದು ನಷ್ಟದ ಆಟಕ್ಕೆ ಎಲ್ಲಿಂದ ಆದೀತು.

ಮೇಜಿನ ಗರಿಷ್ಠ ಮಿತಿ ಇರುವುದೇ ಮಾರ್ಟಿಂಗೇಲ್ ತಡೆಯಲು ಎಂದೂ ಕೇಳಿಬರುತ್ತದೆ. ಮಿತಿ ತೆಗೆದರೂ ಒಟ್ಟು ಪಣದ 1.414 ಶೇಕಡಾ ಮನೆಗೇ ಹೋಗುತ್ತದೆ, ಸರಾಸರಿಯಲ್ಲಿ ಮನೆಗೆ ಲಾಭವೇ. ಮಿತಿಯ ಅಸಲಿ ಕೆಲಸ ಒಂದೇ ರಾತ್ರಿಯ ಏರಿಳಿತವನ್ನು ಹಿಡಿತದಲ್ಲಿಡುವುದು.

ದುಪ್ಪಟ್ಟಿಗಿಂತ ಸೌಮ್ಯ ಎಂದು ಹೆಸರಾದದ್ದು ಡಲಾಂಬೇರ್ ಸೂತ್ರ. ಸೋತರೆ 10 ಏರಿಸು, ಗೆದ್ದರೆ 10 ಇಳಿಸು. ಗೆಲುವು ಸೋಲು ಕೊನೆಗೆ ಸಮ ಆಗಲೇಬೇಕು, ಆದಾಗ ಪ್ರತಿ ಜೋಡಿಗೆ 10 ಲಾಭ ಎಂಬುದು ಇದರ ಆಧಾರ. (ಹೆಸರಿನ ಹಿಂದಿನ ಫ್ರೆಂಚ್ ಗಣಿತಜ್ಞ ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಂದಾದರೂ ತಲೆ ಬೀಳುವ ಸಂಭವ ಮೂರನೆಯ ಎರಡು ಎಂದು 1754ರಲ್ಲಿ ವಾದಿಸಿದ್ದರು. ಸರಿಯುತ್ತರ ನಾಲ್ಕನೆಯ ಮೂರು. ಹೆಸರು ತಕ್ಕದ್ದೇ.) ತಪ್ಪಿರುವುದು ‘ಸಮ ಆಗಲೇಬೇಕು’ ಎಂಬಲ್ಲಿ. ಸುತ್ತು ಹೆಚ್ಚಿದಂತೆ ಗೆಲುವಿನ ಶೇಕಡಾವಾರು ನೆಲೆಗೆ ಬರುತ್ತದೆ ನಿಜ, ಆದರೆ ಗೆಲುವು ಸೋಲಿನ ಎಣಿಕೆಯ ಅಂತರ ದೊಡ್ಡದಾಗುತ್ತಲೇ ಹೋಗುತ್ತದೆ. 500 ಸುತ್ತಿನಲ್ಲಿ 235 ಗೆಲುವು, 265 ಸೋಲು ಅಪರೂಪವೇನಲ್ಲ. 10 ಚಿಪ್‌ನಂತೆ ಒಂದೇ ಸಮ ಕಟ್ಟಿದವನಿಗೆ ಹೋದದ್ದು 300. ಡಲಾಂಬೇರ್ ಆಡಿದವನು ಕನಿಷ್ಠ ಪಣಕ್ಕೆ ಒಮ್ಮೆಯೂ ಬಡಿದುಕೊಳ್ಳದೆ ಸಾಗಿದ್ದರೆ ಹೋದದ್ದು 2300, ಮುಂದಿನ ಪಣ 310 ಆಗಿ ಕಾದಿರುತ್ತದೆ. ಏಕೆಂದರೆ ಅಂತರ 30 ಆದಾಗ ನಷ್ಟ 30ರ ವರ್ಗದಂತೆ ಬೆಳೆಯುತ್ತದೆ, ಲಾಭ ಮಾತ್ರ ಜೋಡಿ ಲೆಕ್ಕದಲ್ಲಿ ಒಂದೊಂದೇ ಬರುತ್ತದೆ.

ಲಾಬುಷೇರ್ ಎಂಬ ಸೂತ್ರದ್ದೂ ಇದೇ ಜಾಯಮಾನ. 1-2-3-4 ಎಂದು ಬರೆದುಕೊಂಡು ಎರಡು ತುದಿಗಳ ಮೊತ್ತ ಕಟ್ಟುವುದು, ಗೆದ್ದರೆ ಎರಡೂ ತುದಿ ಹೊಡೆದುಹಾಕುವುದು, ಸೋತರೆ ಸೋತ ಮೊತ್ತವನ್ನು ಕೊನೆಗೆ ಬರೆಯುವುದು. ಗೆದ್ದಾಗ ಎರಡು ಅಳಿಯುತ್ತದೆ, ಸೋತಾಗ ಒಂದೇ ಸೇರುತ್ತದೆ, ಹಾಗಾಗಿ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಗೆದ್ದರೆ ಸಾಕು ಎಂಬ ಮಾತು ನಿಜವೇ. ಅಳಿಯುವ ಅಂಕಿಗಳು ಸಣ್ಣವೋ ದೊಡ್ಡವೋ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಏರಿಸುವ ಇಳಿಸುವ ಸೂತ್ರಗಳಿಗಿಂತ ಕಣ್ಣಿಗೆ ಮಣ್ಣೆರಚುವುದು ಮೇಜಿನ ತುಂಬ ಪಣ ಹರಡುವ ಬಗೆ. ಐರನ್ ಕ್ರಾಸ್ ಎಂಬುದನ್ನು ನೋಡಿ. ಫೀಲ್ಡ್ ಎಂದರೆ ಮುಂದಿನ ಎಸೆತದಲ್ಲೇ 2, 3, 4, 9, 10, 11, 12ರಲ್ಲೊಂದು ಬೀಳುತ್ತದೆ ಎಂಬ ಪಣ; ಪ್ಲೇಸ್ ಎಂದರೆ ಆರಿಸಿದ ಸಂಖ್ಯೆ 7ಕ್ಕಿಂತ ಮೊದಲು ಬೀಳುತ್ತದೆ ಎಂಬ ಪಣ. ಫೀಲ್ಡ್ ಮೇಲೆ 5, ಪ್ಲೇಸ್ 5ರ ಮೇಲೆ 5, ಪ್ಲೇಸ್ 6 ಮತ್ತು 8ರ ಮೇಲೆ ತಲಾ 6. ಒಟ್ಟು 22 ಚಿಪ್. 7 ಬಿಟ್ಟು ಏನೇ ಬಿದ್ದರೂ ಹಣ ಬರುತ್ತದೆ. 36ರಲ್ಲಿ 30 ಸಲ ಗೆಲುವು! ಮೇಜಿನ ಸುತ್ತ ಚಪ್ಪಾಳೆ ಜೋರಾಗಿರುವುದು ಇಲ್ಲೇ.

ಫೀಲ್ಡ್‌ನಲ್ಲಿ 2ಕ್ಕೆ ಎರಡರಷ್ಟು, 12ಕ್ಕೆ ಮೂರರಷ್ಟು ಕೊಡುವ ಉದಾರ ಮೇಜನ್ನೇ ಹಿಡಿದು ಕೂಡು ಕಳೆ ಮಾಡೋಣ. 2 ಬಿದ್ದರೆ 10 ಬರುತ್ತದೆ, ಒಂದು ಜೋಡಿ. 12 ಬಿದ್ದರೆ 15, ಅದೂ ಒಂದು ಜೋಡಿ. 3, 4, 9, 10, 11 ಸೇರಿ 14 ಜೋಡಿ, ತಲಾ 5ರಂತೆ 70. 5 ಬಿದ್ದರೆ ಪ್ಲೇಸ್ 7 ಕೊಡುತ್ತದೆ, ಫೀಲ್ಡ್ 5 ಕಳೆಯುತ್ತದೆ, ಉಳಿದದ್ದು 2. ನಾಲ್ಕು ಜೋಡಿಗೆ 8. 6 ಮತ್ತು 8ರಲ್ಲೂ ಹೀಗೇ 2 ಉಳಿಯುತ್ತದೆ, ಹತ್ತು ಜೋಡಿಗೆ 20. ಒಟ್ಟು 123. 7 ಬಿದ್ದಾಗ ಇಡೀ 22 ಹೋಗುತ್ತದೆ, ಆರು ಜೋಡಿಗೆ 132. 36 ಎಸೆತಕ್ಕೆ 9 ಚಿಪ್ ನಷ್ಟ, ಎಸೆತಕ್ಕೆ ಕಾಲು ಚಿಪ್. ತಾಸಿಗೆ 100 ಎಸೆತವಾದರೆ 25 ಚಿಪ್. ಪಾಸ್ ಲೈನ್ ಮೇಲೆ 5 ಚಿಪ್ ಕಟ್ಟಿ ಸುಮ್ಮನೆ ನಿಂತವನಿಗೆ ಅದೇ ತಾಸಿನಲ್ಲಿ ಹೋಗುವುದು ಸುಮಾರು 2 ಚಿಪ್. 12ಕ್ಕೆ ಎರಡರಷ್ಟೇ ಕೊಡುವ ಮೇಜಾದರೆ ಐರನ್ ಕ್ರಾಸ್‌ನ ನಷ್ಟ ತಾಸಿಗೆ 39ರ ಹತ್ತಿರ. ಎಷ್ಟು ಸಲ ಗೆದ್ದೆ ಎಂಬುದಕ್ಕೂ ಎಷ್ಟು ಗೆದ್ದೆ ಎಂಬುದಕ್ಕೂ ಇರುವ ದೂರ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಒಂದಕ್ಕೊಂದು ಅಡ್ಡ ಕಟ್ಟುವವರದೂ ಇದೇ ಪಾಡು. ಪಾಸ್ ಲೈನ್‌ಗೆ 10, ಡೋಂಟ್ ಪಾಸ್‌ಗೆ 10 ಕಟ್ಟಿದರೆ ಎರಡೂ ಒಂದನ್ನೊಂದು ನುಂಗುತ್ತವೆ; 12 ಬಿದ್ದಾಗ ಮಾತ್ರ ಪಾಸ್ ಲೈನ್‌ನ 10 ಹೋಗುತ್ತದೆ, ಡೋಂಟ್ ಪಾಸ್‌ನದು ವಾಪಸ್ ಬರುತ್ತದೆ. 36ಕ್ಕೊಮ್ಮೆ 10 ಅಂದರೆ ಸುತ್ತಿಗೆ 0.278. ಎರಡು ಪಣದ ಎಡ್ಜ್‌ಗಳನ್ನು ಬೇರೆ ಬೇರೆ ಕೂಡಿಸಿ: 0.1414ಕ್ಕೆ 0.1364 ಸೇರಿಸಿದರೆ 0.278. ರಕ್ಷಣೆ ಕಂಡಂತಾಯಿತು, ನಷ್ಟ ಕಾಸೂ ಕಡಿಮೆಯಾಗಲಿಲ್ಲ. ಕಮ್ ಔಟ್‌ನಲ್ಲಿ ಪಾಸ್ ಲೈನ್ ಕಾಯಲು ಎನಿ ಕ್ರ್ಯಾಪ್ಸ್ (ಮುಂದಿನ ಎಸೆತದಲ್ಲಿ 2, 3 ಅಥವಾ 12 ಬೀಳುತ್ತದೆ ಎಂಬ ಪಣ) ಕಟ್ಟುವುದು ಇನ್ನೂ ದುಬಾರಿ, ಅದರ ಎಡ್ಜ್ 11.11 ಶೇಕಡಾ. ಒಂದೂವರೆ ಶೇಕಡಾದ ಪಣ ಕಾಯಲು ಹನ್ನೊಂದರ ಕಾವಲುಗಾರ. ಮುಂದಿನ ಎಸೆತವೇ 7 ಎಂಬ ಎನಿ ಸೆವೆನ್ ಅಂತೂ 16.67, ಅದು ಯಾವ ಸೂತ್ರದೊಳಗೆ ಕಂಡರೂ ಮುಂದೆ ಓದುವ ಅಗತ್ಯವಿಲ್ಲ.

ಸೂತ್ರ ಕಟ್ಟುವವರು ಮರೆಯುವ ಇನ್ನೊಂದು ಸಂಗತಿ ಚಿಲ್ಲರೆ. ಪ್ಲೇಸ್ 6 ಕೊಡುವುದು 6ಕ್ಕೆ 7ರಂತೆ, ಎಡ್ಜ್ 1.515. ಇದು 6ರ ಗುಣಕಗಳಿಗೆ ಮಾತ್ರ. 10 ಚಿಪ್ ಕಟ್ಟಿದರೆ ಮೊದಲ 6ಕ್ಕೆ 7, ಉಳಿದ 4ಕ್ಕೆ 4, ಹೀಗೆ 11 ಮಾತ್ರ ಸಿಗುವ ಮೇಜಿನಲ್ಲಿ ಎಡ್ಜ್ 4.55ಕ್ಕೆ ಏರುತ್ತದೆ. 5, 10, 20 ಎಂದು ದುಪ್ಪಟ್ಟು ಮಾಡುವ ಸೂತ್ರಗಳು ಪ್ಲೇಸ್ 6ರ ಪಣದಲ್ಲಿ ಮೊದಲ ಮೆಟ್ಟಿಲಿನಿಂದಲೇ ಹೀಗೆ ಸೋರುತ್ತವೆ. ಪಾಯಿಂಟ್ ಬಿದ್ದ ಮೇಲೆ ಹೆಚ್ಚುವರಿಯಾಗಿ ಕಟ್ಟುವ ಆಡ್ಸ್ ಪಣದಲ್ಲೂ ಅಷ್ಟೆ, 5 ಮತ್ತು 9ಕ್ಕೆ ಸಮಸಂಖ್ಯೆ, 6 ಮತ್ತು 8ಕ್ಕೆ 5ರ ಗುಣಕ ಕಟ್ಟದಿದ್ದರೆ ಮೇಲಿನ ಚೂರು ಮನೆಗೆ ಉಳಿಯುತ್ತದೆ.

ಆಡ್ಸ್ ಬಗ್ಗೆ ಒಂದು ಮಾತು. ಪಾಯಿಂಟ್ ಬಿದ್ದ ಮೇಲೆ ಪಾಸ್ ಲೈನ್ ಹಿಂದೆ ಇಡುವ ಈ ಪಣಕ್ಕೆ 4 ಮತ್ತು 10ರಲ್ಲಿ 2:1, 5 ಮತ್ತು 9ರಲ್ಲಿ 3:2, 6 ಮತ್ತು 8ರಲ್ಲಿ 6:5 ಸಿಗುತ್ತದೆ. ನಿಜವಾದ ಸಂಭವಕ್ಕೆ ಸರಿಯಾದ ದರ, ಎಡ್ಜ್ ಸೊನ್ನೆ. ಪಾಯಿಂಟ್‌ಗೆ ತಕ್ಕಂತೆ 3, 4, 5 ಪಟ್ಟು ಆಡ್ಸ್ ಬಿಡುವ ಮೇಜಿನಲ್ಲಿ ಪೂರ್ತಿ ಆಡ್ಸ್ ಕಟ್ಟಿದರೆ ಒಟ್ಟು ಪಣದ ಮೇಲಿನ ಎಡ್ಜ್ 0.374ಕ್ಕೆ ಇಳಿಯುತ್ತದೆ. ಇದನ್ನು ಸೂತ್ರವಾಗಿ ಮಾರುವವರು ಬಚ್ಚಿಡುವುದೇನೆಂದರೆ, ಶೇಕಡಾ ಇಳಿದದ್ದು ಛೇದ ಹಿಗ್ಗಿದ್ದರಿಂದ. 10 ಚಿಪ್ ಪಾಸ್ ಲೈನ್‌ನ 0.14 ಚಿಪ್ ನಷ್ಟ ಅಲ್ಲೇ ಇದೆ. ಪಾಸ್ ಲೈನ್‌ಗೆ ಕಟ್ಟುತ್ತಿದ್ದ ಹಣವನ್ನು ಆಡ್ಸ್‌ಗೆ ಸರಿಸಿದರೆ ಉಳಿತಾಯ, ಅದರ ಮೇಲೆ ಹೆಚ್ಚುವರಿ ಹಣ ತಂದು ಸುರಿದರೆ ಏರಿಳಿತ ಮಾತ್ರ.

ಇಷ್ಟೆಲ್ಲ ಇದ್ದೂ ಸೂತ್ರಗಳು ‘ಕೆಲಸ ಮಾಡಿದವು’ ಎಂದು ಏಕೆ ಅನಿಸುತ್ತದೆ? 1 ಚಿಪ್‌ನಂತೆ 100 ಪಣಕ್ಕೆ ಸರಾಸರಿ ನಷ್ಟ 1.41, ಏರಿಳಿತದ ಅಳತೆ (ಸ್ಟ್ಯಾಂಡರ್ಡ್ ಡೀವಿಯೇಶನ್) 10. ಸೂತ್ರವೇ ಇಲ್ಲದೆ ಆಡಿದವರಲ್ಲೂ ನೂರಕ್ಕೆ 40ರಷ್ಟು ಜನ ಲಾಭದ ಬದಿಯಲ್ಲಿ ಏಳುತ್ತಾರೆ. 5000 ಪಣವಾದಾಗ ನಷ್ಟ 70.7, ಏರಿಳಿತವೂ 70.7, ಆಗಲೂ ನೂರಕ್ಕೆ 16 ಮಂದಿ ಮೇಲೆಯೇ ಇರುತ್ತಾರೆ. ಅಷ್ಟು ಪಣಕ್ಕೆ ಮೇಜಿನಲ್ಲಿ ಸುಮಾರು 170 ತಾಸು ಬೇಕು. ಸೂತ್ರ ಬರೆಯುವುದು ಆ ಹದಿನಾರು ಮಂದಿ, ಉಳಿದವರು ಬರೆಯುವುದಿಲ್ಲ.

ಹಿಂದಿನ ಗರಗಳ ಪಟ್ಟಿ ಹಿಡಿದು ‘ಸರದಿ ಮುಗಿಸುವ 7 ಬಹಳ ಹೊತ್ತಿನಿಂದ ಬಿದ್ದಿಲ್ಲ, ಇನ್ನು ಬೀಳಬೇಕು’ ಎನ್ನುವವರಿಗೆ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾ ಕ್ಯಾಸಿನೊದ 2009ರ ಮೇ ತಿಂಗಳ ಒಂದು ಸರದಿ ಸಾಕು. ಒಬ್ಬ ಆಟಗಾರ್ತಿ ನಾಲ್ಕು ತಾಸಿಗೂ ಮೀರಿ ದಾಳ ಎಸೆದು 154ನೆಯ ಎಸೆತದಲ್ಲಿ ಸೆವೆನ್ ಔಟ್ (ಪಾಯಿಂಟ್‌ಗಿಂತ ಮೊದಲು 7 ಬಿದ್ದು ಸರದಿ ಮುಗಿಯುವುದು) ಆದರು. ಸರಾಸರಿ ಸರದಿ 8.5 ಎಸೆತ. 154 ಮುಟ್ಟುವ ಸಂಭವ ಸುಮಾರು 560 ಕೋಟಿಗೆ ಒಂದು. ‘ಇನ್ನು ಬೀಳಬೇಕು’ ಎಂದು ಐವತ್ತನೆಯ ಎಸೆತದಿಂದ ಏರಿಸುತ್ತ ಹೋದವನ ಲೆಕ್ಕ ಹಾಕಿ ನೋಡಿ.

ದಾಳವನ್ನೇ ಪಳಗಿಸುತ್ತೇನೆ ಎನ್ನುವವರದು ಬೇರೆ ಜಾತಿಯ ವಾದ. ಅದು ಪಣದ ಕ್ರಮಕ್ಕೆ ಸಂಬಂಧಿಸಿದ್ದಲ್ಲ, ಹಾಗಾಗಿ ಮೇಲಿನ ಗಣಿತ ಅದನ್ನು ತಳ್ಳಿಹಾಕುವುದಿಲ್ಲ. ಪ್ಲೇಸ್ 6 ಸಮಕ್ಕೆ ಬರಲು 7ರ ಸಂಭವ 6ಕ್ಕೊಂದರಿಂದ 6.14ಕ್ಕೊಂದಕ್ಕೆ ಇಳಿದರೆ ಸಾಕು (ಉಳಿದ ಸಂಖ್ಯೆಗಳು ತಮ್ಮ ಪ್ರಮಾಣದಲ್ಲೇ ಏರಿದರೆ). ಕೇಳಲು ಹಗುರ. ಆದರೆ ದಾಳಗಳ ಅಂಚು ಚೂಪು, ಚುಕ್ಕಿ ಕೊರೆದ ಗುಳಿಗೆ ಅಷ್ಟೇ ತೂಕದ ಬಣ್ಣ ತುಂಬಿರುತ್ತದೆ, ಎದುರು ಗೋಡೆಯಲ್ಲಿ ಪಿರಮಿಡ್ ಆಕಾರದ ರಬ್ಬರ್ ಉಬ್ಬುಗಳು, ಎರಡೂ ದಾಳ ಆ ಗೋಡೆಗೆ ಬಡಿಯಬೇಕು. ಇನ್ನು ಅಷ್ಟು ಸಣ್ಣ ವ್ಯತ್ಯಾಸ ಅದೃಷ್ಟವಲ್ಲ ಎಂದು ಸಾಧಾರಣ ಮಟ್ಟಿಗೆ ತೋರಿಸಲೂ ಸುಮಾರು 37,000 ಎಸೆತ ಬರೆದಿಡಬೇಕು. 500 ಎಸೆತದ ಪಟ್ಟಿ ತಂದವರಿಗೆ ಹೇಳಬೇಕಾದದ್ದು ಅದೇ.

ಮೂರು ದಾಳದ ಸಿಕ್ ಬೊ ಆಟಕ್ಕೂ ಬೇರೆ ನ್ಯಾಯವಿಲ್ಲ. ಮೊತ್ತ ದೊಡ್ಡದೋ ಸಣ್ಣದೋ ಎಂಬ ಪಣದಲ್ಲಿ 216ಕ್ಕೆ 105 ಗೆಲುವು, 111 ಸೋಲು. ಮೂರೂ ದಾಳ ಒಂದೇ ಆದಾಗ ಎರಡು ಬದಿಯೂ ಸೋಲುತ್ತವೆ. ಎಡ್ಜ್ 2.78, ಪಾಸ್ ಲೈನ್‌ಗೆ ಹೆಚ್ಚುಕಡಿಮೆ ಎರಡರಷ್ಟು.

ಸೂತ್ರವನ್ನು ಕಂಪ್ಯೂಟರ್‌ನಲ್ಲಿ ಪರೀಕ್ಷಿಸುವವರು ಪದೇ ಪದೇ ಮಾಡುವ ತಪ್ಪುಗಳಿವೆ. ಗರಿಷ್ಠ ಪಣ ಹಾಕದಿರುವುದು. ಕೈಯ ಹಣ ಮೈನಸ್‌ಗೆ ಇಳಿದರೂ ಆಟ ನಡೆಸುವುದು. ಡೋಂಟ್ ಪಾಸ್‌ನಲ್ಲಿ 12ನ್ನು ಗೆಲುವಿಗೆ ಸೇರಿಸುವುದು, ಇದೊಂದೇ ಸಾಕು ನಷ್ಟವನ್ನು ಲಾಭವಾಗಿ ತೋರಿಸಲು. ಒಂದರಿಂದ ಹನ್ನೆರಡರವರೆಗೆ ಒಂದೇ ಯಾದೃಚ್ಛಿಕ ಸಂಖ್ಯೆ ಎತ್ತಿ ಅದನ್ನು ಎರಡು ದಾಳವೆಂದು ಕರೆಯುವುದು; ನಗಬೇಡಿ, ಇದು ಆಗಾಗ ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಡಿಮೆ ಓಡಿಸುವುದು. ಮೇಲಿನ ಏಳು ಮೆಟ್ಟಿಲ ಮಾರ್ಟಿಂಗೇಲ್‌ನ ಏರಿಳಿತ ಸರಣಿಗೆ 118 ಚಿಪ್, ಸರಾಸರಿ ನಷ್ಟ 1.03. ಸಾವಿರ ಸರಣಿ ಓಡಿಸಿದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪ್ರಯೋಗಗಳು ಲಾಭ ತೋರಿಸುತ್ತವೆ. ಹತ್ತು ಲಕ್ಷ ಸರಣಿಗೂ ಉತ್ತರ 0.12ರಷ್ಟು ಅತ್ತಿತ್ತ ಅಲುಗುತ್ತದೆ. ಒಂದು ಕೋಟಿ ಸರಣಿ ಓಡಿಸಿ, ಒಟ್ಟು ನಷ್ಟವನ್ನು ಒಟ್ಟು ಪಣದಿಂದ ಭಾಗಿಸಿ, 0.0141ರ ಆಸುಪಾಸು ಬರಬೇಕು. 0.010 ಬಂದರೆ ಸೂತ್ರ ಗೆದ್ದಿತೆಂದು ಹಿಗ್ಗುವ ಮೊದಲು ಪಾಯಿಂಟ್ ಬಿದ್ದ ಮೇಲಿನ ಸಾಲುಗಳನ್ನು ಮತ್ತೊಮ್ಮೆ ಓದಿ, ತಪ್ಪು ಸಾಮಾನ್ಯವಾಗಿ ಅಲ್ಲಿರುತ್ತದೆ.